ಕಚೇರಿಯ ಸಿಕ್ಕಾ, ನಿಜಾಮರ ಸಿಕ್ಕಾ

ಕಾಗದಕ್ಕೆ ಸಹಿ ಮಾಡಿಸಿ "ಸಿಕ್ಕಾ ಹೊಡೀರಿ" ಅಂತೀವಲ್ಲ, ನಮ್ಮ ಹಿರಿಯರ ನಾಣ್ಯದ ಹೆಸರೂ ಅದೇ. 1948ರವರೆಗೆ ಆಳಂದ, ಅಫಜಲಪುರ, ಜೇವರ್ಗಿ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಚಾರಮಿನಾರ್ ಚಿತ್ರದ ಇಲ್ಲಿನ ರೂಪಾಯಿಯೇ ಹಾಲಿ ಸಿಕ್ಕಾ. ಹಾಲಿ ಅಂದರೆ ಈಗ ನಡೆಯುತ್ತಿರುವುದು. 'ಹಾಲಿ ಶಾಸಕರು' ಅನ್ನುವಾಗಿನ ಹಾಲಿಯೇ.

ಸಿಕ್ಕಾ ಅರಬ್ಬಿ ಮಾತು. ಮೊದಲು ನಾಣ್ಯ ಒತ್ತುವ ಅಚ್ಚು, ಆಮೇಲೆ ಅಚ್ಚು ಬಿದ್ದ ನಾಣ್ಯ. ಹಾಗಾಗಿ ಕಚೇರಿಯ ರಬ್ಬರ್ ಸಿಕ್ಕಾನೇ ಹಳೆಯ ಅರ್ಥಕ್ಕೆ ಹತ್ತಿರ! ಇದೇ ಪದ ವೆನಿಸ್‌ನಲ್ಲಿ ಟಂಕಸಾಲೆಯ ಹೆಸರಾಯಿತು. ಅಲ್ಲಿನ ಚಿನ್ನದ ನಾಣ್ಯದಿಂದಲೇ ಚಮಕಿಗೆ ಇಂಗ್ಲಿಷಿನಲ್ಲಿ 'ಸೀಕ್ವಿನ್' ಅನ್ನುವುದು.

ಪಕ್ಕದ ಇಂಡಿ, ಸಿಂದಗಿ ಮುಂಬೈ ಪ್ರಾಂತ್ಯ. ಅಲ್ಲಿ ಬ್ರಿಟಿಷ್ ರೂಪಾಯಿ. ಏಳು ಹಾಲಿಗೆ ಸುಮಾರು ಆರು. ಗಡಿ ದಾಟಿ ಎತ್ತು ಕೊಳ್ಳುವವನು ಬೆಲೆಯ ಜತೆ ಯಾವ ಸಿಕ್ಕಾ ಅಂತಲೂ ಕೇಳಬೇಕಿತ್ತು.