ಗಾಡಿಮನೆಯ ತೂಕ

ಹುಬ್ಬಳ್ಳಿಯ ನಮ್ಮ ಶೆಡ್ಡಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವುದೇ ಕಸುಬು. ಈಚೆಗೆ ಬೇರೆ ತರಹದ ಗಿರಾಕಿಗಳೂ ಬರುತ್ತಿದ್ದಾರೆ. ‘ರಿಟೈರ್ ಆಯ್ತು, ಇರೋ ಮನೆ ಬಾಡಿಗೆಗೆ ಕೊಟ್ಟು ವರ್ಷವಿಡೀ ಗಾಡಿಯಲ್ಲೇ ಇರ್ತೀವಿ, ಒಳಗೆ ಎಲ್ಲಾ ಮಾಡಿಕೊಡ್ರಿ’ ಅನ್ನುತ್ತಾರೆ. ಕೈಯಲ್ಲಿ ಪಟ್ಟಿ ಇರುತ್ತದೆ: ಗ್ರಾನೈಟ್ ಕಟ್ಟೆ, ಎರಡು ಬಾಗಿಲಿನ ಫ್ರಿಜ್ಜು, ವಾಷಿಂಗ್ ಮಷೀನು, ಸಾಗುವಾನಿಯ ದೇವರ ಮಂಟಪ. ಯಾವುದರ ಮುಂದೆಯೂ ಅದರ ತೂಕ ಬರೆದಿರುವುದಿಲ್ಲ. ಈ ಕೆಲಸಕ್ಕೆ ಕೈ ಹಾಕುವ ಮೊದಲು ನಾನು ಗಾಡಿಮನೆಗಳ ಹಳೆಯ ಕಥೆಗಳನ್ನು ಹುಡುಕಿ ಓದಿದೆ. ಅಲ್ಲಿ ಕಂಡದ್ದೆಲ್ಲ ತೂಕದ ಜೊತೆಗಿನ ಜಗ್ಗಾಟವೇ.

ಇಂಗ್ಲೆಂಡಿನ ರೊಮಾನಿ ಅಲೆಮಾರಿಗಳಿಂದ ಶುರು ಮಾಡೋಣ. ಹತ್ತೊಂಬತ್ತನೆಯ ಶತಮಾನದ ಅವರ ಕುದುರೆಗಾಡಿ ವಾರ್ಡೊ. ಹಿಂಬದಿಗೆ ಅಡ್ಡಲಾಗಿ ಮಂಚ. ಮುಂದಿನ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಎಡಗೈಗೆ ಬೀಡುಕಬ್ಬಿಣದ ಒಲೆ. ಒಲೆ ಯಾಕೆ ಯಾವಾಗಲೂ ಅಲ್ಲೇ? ಅಲ್ಲಿಯ ರಸ್ತೆಯಲ್ಲೂ ಗಾಡಿ ಎಡಬದಿಯಲ್ಲೇ ಓಡಬೇಕು. ಮುಂದಿನಿಂದ ಒಳಬರುವವನ ಮುಖ ಗಾಡಿಯ ಹಿಂಬದಿಗಿರುವುದರಿಂದ ಅವನ ಎಡಗೈ ಅಂದರೆ ಗಾಡಿಯ ಬಲಬದಿ. ಒಲೆ ಅಲ್ಲಿದ್ದರೆ ಅದರ ಹೊಗೆಕೊಳವೆ ಚಾವಣಿಯ ಬಲಭಾಗದಲ್ಲಿ, ಅಂದರೆ ರಸ್ತೆಯ ನಡುವಿನ ಕಡೆಗೆ ಬರುತ್ತದೆ, ಬದಿಯ ಮರದ ಕೊಂಬೆಗೆ ತಾಗುವುದಿಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಂಚಕ್ರದ ಬೆನ್ನಿಗೇ ಉರುಳಿಬರುವ ಮರದ ರೋಲರ್ ಇರುತ್ತಿತ್ತು, ಇಳಿಜಾರಿನಲ್ಲಿ ಚಕ್ರದ ಅಡಿಗೆ ಕೊಡಲು ಕಬ್ಬಿಣದ ಪಾದುಕೆ. ಹತ್ತಿ ಇಳಿದು ಪೆಟ್ಟು ತಿಂದವರು ಮಾತ್ರ ಇಂಥ ಗಾಡಿ ಕಟ್ಟಬಲ್ಲರು.

1885ರಲ್ಲಿ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತ ಹೊಟ್ಟೆಪಾಡಿಗಲ್ಲದೆ ಬರೀ ಖುಷಿಗೆ ಇಂಥ ಗಾಡಿ ಮಾಡಿಸಿದ. ನೌಕಾಪಡೆಯಲ್ಲಿ ವೈದ್ಯನಾಗಿದ್ದವನು, ಹುಡುಗರಿಗೆ ಸಾಹಸದ ಕಥೆ ಬರೆಯುತ್ತಿದ್ದವನು. ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಕಟ್ಟಿಕೊಟ್ಟ ಆ ‘ವಾಂಡರರ್’ ಸುಮಾರು 18 ಅಡಿ ಉದ್ದ, ಹತ್ತಿರ ಎರಡು ಟನ್ ತೂಕ. ಒಳಗೆ ಮಹಾಗನಿಯ ಹೊದಿಕೆ. ಅದನ್ನು ಎಳೆಯಲು ಎರಡು ಕುದುರೆ, ಹೊಡೆಯಲು ಒಬ್ಬ ಸಾರಥಿ, ಅಲ್ಲದೆ ಮುಂದೆ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗಿ ದಾರಿ ನೋಡುವ ಆಳು. ಹೀಗೆ ಅವನು ಬರ್ಕ್‌ಷೈರಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. 1,300 ಮೈಲಿಯ ಈ ಯಾನದ ಪುಸ್ತಕವನ್ನೂ ಬರೆದ. ಗಾಡಿ ಸೊಗಸಾದದ್ದೇ. ಆದರೆ ಅದರ ಏರು-ಇಳಿಜಾರಿನ ಚಿಂತೆ ಹೊತ್ತವರು ಆ ಇಬ್ಬರು ಆಳುಗಳು, ಎರಡು ಕುದುರೆಗಳು.

ಎಂಜಿನ್ ಬಂದ ಮೇಲೆ ತೂಕದ ಭಯವೇ ಹೋಯಿತು. ಅಮೆರಿಕದಲ್ಲಿ ಬಸ್ ಕಂಪನಿ ನಡೆಸುತ್ತಿದ್ದ ರೋಲಂಡ್ ಕಾಂಕ್ಲಿನ್ 1915ರಲ್ಲಿ ಸಂಸಾರ ಸಮೇತ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ‘ಜಿಪ್ಸಿ ವ್ಯಾನ್’ 25 ಅಡಿ ಉದ್ದ, 8 ಟನ್ ಭಾರ. ಜನರೇಟರು, ವಿದ್ಯುದ್ದೀಪ, ಪೂರ್ತಿ ಅಡುಗೆಮನೆ, ಗ್ರಾಮಫೋನು, ಪುಸ್ತಕದ ಕಪಾಟು, ಸಾಲದ್ದಕ್ಕೆ ಚಾವಣಿಯ ಮೇಲೆ ಕೈತೋಟ! ಆಗಿನ ಅಮೆರಿಕದ ಹೆದ್ದಾರಿ ಬಹುಪಾಲು ಕಚ್ಚಾ ಮಣ್ಣಿನದು. ಬಸ್ ಕಟ್ಟುವವನಾಗಿ ಆ ಬಾಡಿಯ ಮುಂದೆ ಟೋಪಿ ತೆಗೆಯುತ್ತೇನೆ. ಅದರ ಆಕ್ಸಲ್ಲಿನ ಮೇಲೆ ಮಾತ್ರ ಕನಿಕರ ಬರುತ್ತದೆ.

ನಮ್ಮ ಕಸುಬಿಗೆ ಬುದ್ಧಿ ಕಲಿಸಿದ್ದು ವಿಮಾನ. ಅಮೆರಿಕದ ಹಾಲಿ ಬೌಲಸ್ ಎಂಬಾತ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಕಟ್ಟುತ್ತಿದ್ದವನು. ಪೈಲಟ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣದಲ್ಲೂ ಅವನ ಕೈಯಿತ್ತು. 1934ರಲ್ಲಿ ಅವನು ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು ಟ್ರೈಲರ್ ಮಾಡಿದ. ಅದೇ ದಾರಿಯಲ್ಲಿ ವ್ಯಾಲಿ ಬೈಯಮ್ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಟ್ರೈಲರ್ ತಂದ. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದವರು ಫೋಕ್ಸ್‌ವ್ಯಾಗನ್ ವ್ಯಾನಿಗೆ ಕೂರಿಸಿದ ‘ಕ್ಯಾಂಪಿಂಗ್ ಬಾಕ್ಸ್’ ಇನ್ನೂ ಜಾಣತನದ್ದು: ಬೇಕಾದಾಗ ಇಡು, ಬೇಡವಾದಾಗ ಇಳಿಸು. 1966ರಲ್ಲಿ ಅಯೊವಾದ ವಿನ್ನೆಬಾಗೊ ಕಂಪನಿ ಮೋಟರ್‌ಹೋಮನ್ನು ಸಾಲಾಗಿ ತಯಾರಿಸತೊಡಗಿತು. ಅದರ ಗೋಡೆ ಹೊರಗೆ ಅಲ್ಯೂಮಿನಿಯಂ, ಒಳಗೆ ಪ್ಲೈವುಡ್ಡು, ನಡುವೆ ಫೋಮು. ಹಗುರವೂ ಹೌದು, ಚಳಿ-ಬಿಸಿಲಿಗೆ ತಡೆಯೂ ಹೌದು.

ಅನುಭವಸ್ಥರೂ ಮೋಹ ಬಿಟ್ಟವರಲ್ಲ. 1960ರಲ್ಲಿ ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಟ್ರಕ್ಕಿನ ಮೇಲೆ ಗೂಡು ಕೂರಿಸಿ, ‘ರೋಸಿನಾಂಟೆ’ ಎಂದು ಹೆಸರಿಟ್ಟು, ನಾಯಿಯ ಜೊತೆ ದೇಶ ಸುತ್ತಿದ. ಓದದೆ ಉಳಿದಿದ್ದ ಪುಸ್ತಕಗಳೇ 150 ಪೌಂಡು, ಅಂದರೆ 68 ಕೆ.ಜಿ. ಆದರೆ ಬಟ್ಟೆ ಒಗೆಯಲು ಅವನು ಮಷೀನು ಹೊರಲಿಲ್ಲ. ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ನೀರು, ಸೋಪು, ಬಟ್ಟೆ ಹಾಕಿ ರಬ್ಬರ್ ಹುರಿಯಿಂದ ತೂಗುಹಾಕಿದ. ರಸ್ತೆಯ ಕುಲುಕಾಟವೇ ಒಗೆದುಕೊಟ್ಟಿತು. ನಮ್ಮ ರಸ್ತೆಗಳಲ್ಲಿ ಇದು ಇನ್ನೂ ಬೇಗ ಆದೀತು.

ಈಗ ನಮ್ಮ ಶೆಡ್ಡಿನ ಲೆಕ್ಕ. 20 ಮಿ.ಮೀ. ದಪ್ಪದ ಗ್ರಾನೈಟು 10 ಚದರಡಿಗೆ 50 ಕೆ.ಜಿ. ತೂಗುತ್ತದೆ. 200 ಲೀಟರ್ ನೀರೆಂದರೆ 200 ಕೆ.ಜಿ. 100 ಆಂಪಿಯರ್-ಗಂಟೆಯ ಲೆಡ್-ಆಸಿಡ್ ಬ್ಯಾಟರಿ ಸುಮಾರು 30 ಕೆ.ಜಿ. ಇದ್ದರೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಸುಮಾರು 12 ಕೆ.ಜಿ. ಭಾರ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ನೀರಿನ ಟ್ಯಾಂಕು ಎರಡು ಆಕ್ಸಲ್‌ಗಳ ನಡುವೆ, ಆದಷ್ಟು ತಗ್ಗಿನಲ್ಲಿರಬೇಕು. ಅದನ್ನು ಹಿಂದಿನ ಆಕ್ಸಲ್ಲಿನಾಚೆ ತೂಗುಹಾಕಿದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಗಾಡಿಯ ಎರಡೂ ಬದಿ ತೂಕ ಸಮನಾಗಿರದಿದ್ದರೆ ಒಂದೇ ಕಡೆಯ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕುಸಿಯುತ್ತದೆ. ಅರಬೈಲು ಘಟ್ಟ ಇಳಿಯುವಾಗ ಹೆಚ್ಚಿನ ಒಂದೊಂದು ಕಿಲೋವನ್ನೂ ಬ್ರೇಕೇ ಹಿಡಿಯಬೇಕು.

ಗಾಡಿಮನೆ ಕಟ್ಟಿಸುವವರಿಗೆ ನನ್ನದು ಒಂದೇ ಮಾತು. ಕೆಲಸ ಶುರುವಾಗುವ ಮೊದಲು ಖಾಲಿ ಗಾಡಿಯನ್ನು ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಅದನ್ನು ಕಳೆಯಿರಿ. ನೀರು, ಗ್ಯಾಸು, ನಿಮ್ಮ ಮೈತೂಕ, ಬಟ್ಟೆಬರೆಯನ್ನೂ ಕಳೆಯಿರಿ. ಉಳಿದ ಕಿಲೋಗಳಲ್ಲಿ ಎಷ್ಟು ಮನೆ ಹಿಡಿಸುತ್ತದೋ ಅಷ್ಟನ್ನೇ ಕಟ್ಟಿಸಿ.