ಸ್ನಾಯುವಿನ ಉರಿ: ಕಾರಣವೋ, ಪರಿಣಾಮವೋ?

ಮಗುವಿನ ಮೀನಖಂಡ ದಪ್ಪಗಿದ್ದರೆ ಮನೆಯವರಿಗೆ ಖುಷಿ. ಹುಡುಗ ಗಟ್ಟಿಮುಟ್ಟಾಗಿದ್ದಾನೆ ಅಂದುಕೊಳ್ಳುತ್ತಾರೆ. ನಾಲ್ಕೈದು ವರ್ಷ ತುಂಬುವ ಹೊತ್ತಿಗೆ ‘ಕುಂತ್ರ ಏಳಾಕ ಆಗವಲ್ದು’ ಎಂಬ ಮಾತು ಶುರುವಾಗುತ್ತದೆ. ಹುಡುಗ ಮೊದಲು ಅಂಬೆಗಾಲಿಗೆ ಬರುತ್ತಾನೆ, ಆಮೇಲೆ ಮೊಣಕಾಲಿಗೆ, ತೊಡೆಗೆ ಒಂದೊಂದೇ ಕೈ ಊರುತ್ತ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಾನೆ. ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ 1879ರಲ್ಲಿ ವಿವರಿಸಿದ ಈ ಲಕ್ಷಣಕ್ಕೆ ಅವರದೇ ಹೆಸರಿದೆ. ಸ್ನಾಯು ಕ್ಷಯಿಸುವ ಈ ರೋಗಕ್ಕೆ ಹೆಸರು ಬಂದದ್ದು ಅದಕ್ಕೂ ಮೊದಲೇ ಇದನ್ನು ಅಭ್ಯಸಿಸಿದ ಫ್ರಾನ್ಸಿನ ಡುಶೆನ್‌ರಿಂದ. ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದವರು ಅವರು. ದಪ್ಪ ಮೀನಖಂಡದಲ್ಲಿ ಬಲವಿರಲಿಲ್ಲ. ಸ್ನಾಯುವಿನ ಜಾಗವನ್ನು ಕೊಬ್ಬು, ನಾರು ತುಂಬಿಕೊಂಡಿದ್ದವು.

ಅಂಥ ಚೂರುಗಳಲ್ಲಿ ಇನ್ನೊಂದು ವಸ್ತುವೂ ಕಾಣುತ್ತಿತ್ತು: ಸತ್ತ ಎಳೆಗಳ ಸುತ್ತ ಮುತ್ತಿಕೊಂಡ ಬಿಳಿ ರಕ್ತಕಣಗಳು. ಉರಿಯೂತ ಎಂಬ ಪದದಲ್ಲಿ ಉರಿ, ಊತ ಎರಡೂ ಇವೆ, ಆದರೆ ಈ ಮಕ್ಕಳಿಗೆ ಕಾಲು ಉರಿಯುವುದಿಲ್ಲ, ಕೆಂಪಾಗುವುದಿಲ್ಲ. ಹಾಗಾಗಿ ಈ ಕಣಗಳನ್ನು ಬಹುಕಾಲ ಕಸ ಗುಡಿಸಲು ಬಂದವರೆಂದೇ ಎಣಿಸಲಾಗಿತ್ತು.

ಮಾತ್ರೆ ಮೊದಲು, ಕಾರಣ ಆಮೇಲೆ

1974ರಲ್ಲಿ ಅಮೆರಿಕದ ಡ್ರಾಕ್‌ಮನ್ ಮತ್ತು ಸಂಗಡಿಗರು ಡುಶೆನ್ ಮಕ್ಕಳಿಗೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟು ಸುಧಾರಣೆ ಕಂಡುದಾಗಿ ಬರೆದರು. 1989ರಲ್ಲಿ ಮೆಂಡೆಲ್ ತಂಡ 103 ಹುಡುಗರ ಮೇಲೆ ಆರು ತಿಂಗಳು ಕಟ್ಟುನಿಟ್ಟಿನ ಪರೀಕ್ಷೆ ನಡೆಸಿತು. ಸ್ಟಿರಾಯ್ಡ್ ತಿಂದವರ ಬಲ ನಿಜಕ್ಕೂ ಹೆಚ್ಚಿತು. ಇಂದಿಗೂ ನಡಿಗೆ ನಿಲ್ಲುವುದನ್ನು ಎರಡು-ಮೂರು ವರ್ಷ ಮುಂದೂಡುವುದು ಇದೇ ಗುಂಪಿನ ಅಗ್ಗದ ಮಾತ್ರೆ.

ಆದರೆ ಅದು ಕೆಲಸ ಮಾಡಿದ್ದು ಹೇಗೆ? ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದ್ದೇ ಕಾರಣವಾಗಿದ್ದರೆ ಅದೇ ಕೆಲಸ ಮಾಡುವ ಅಜಥಯಾಪ್ರಿನ್ ಕೂಡ ಫಲಿಸಬೇಕಿತ್ತು. 1993ರಲ್ಲಿ ಅದನ್ನು ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಒಗಟು ಹಾಗೇ ಉಳಿಯಿತು.

ಒಡ್ಡು, ಬೋಂಗಾ, ದುರಸ್ತಿ

ಅಷ್ಟರಲ್ಲಿ ಮೂಲ ದೋಷ ಸಿಕ್ಕಿತ್ತು. 1987ರಲ್ಲಿ ಹಾಫ್‌ಮನ್, ಬ್ರೌನ್, ಕುಂಕೆಲ್ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನು ಗುರುತಿಸಿದರು. 79 ಎಕ್ಸಾನ್‌ಗಳ ಅದರ ಜೀನು ಮನುಷ್ಯನ ಜೀನುಗಳಲ್ಲೇ ಅತಿ ಉದ್ದದವುಗಳಲ್ಲೊಂದು. ಡಿಸ್ಟ್ರೊಫಿನ್ ಇಲ್ಲದ ಸ್ನಾಯುವಿನ ಎಳೆ, ಕಲ್ಲು ಕಟ್ಟದ ಕಾಲುವೆ ಒಡ್ಡಿನಂತೆ. ನಮ್ಮ ರಾಯಚೂರು ಜಿಲ್ಲೆಯ ಮಾನ್ವಿಯ ರೈತರಿಗೆ ತುಂಗಭದ್ರಾ ಎಡದಂಡೆ, ದೇವದುರ್ಗದವರಿಗೆ ನಾರಾಯಣಪುರ ಬಲದಂಡೆ ಕಾಲುವೆ ಗೊತ್ತು: ಸಣ್ಣ ಬೋಂಗಾ ಬಿದ್ದರೂ ನೀರು ಗದ್ದೆಗೆ ನುಗ್ಗುತ್ತದೆ. ಇಲ್ಲಿ ಪ್ರತಿ ಹೆಜ್ಜೆಗೂ ಎಳೆಯ ಪೊರೆಯಲ್ಲಿ ಬೋಂಗಾ. ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಸ್ನಾಯುವಿನ ಕಿಣ್ವವಾದ ಸಿಪಿಕೆ ಹೊರಗೆ ಸೋರುತ್ತದೆ. ರಕ್ತಪರೀಕ್ಷೆಯಲ್ಲಿ ಸಿಪಿಕೆ ಸಾವಿರಗಳನ್ನು ದಾಟುವುದು ಅದಕ್ಕೇ.

ದುರಸ್ತಿಗೆ ಬರುವ ಆಳುಗಳೇ ಮ್ಯಾಕ್ರೊಫೇಜ್ ಕಣಗಳು. ಆರೋಗ್ಯವಂತರಲ್ಲಿ ಮೊದಲ ತಂಡ ಮುರಿದದ್ದನ್ನು ಕಿತ್ತು ಹಾಕುತ್ತದೆ, ಅದು ಹೋದ ಮೇಲೆ ಎರಡನೆಯದು ಕಟ್ಟುತ್ತದೆ. ಡುಶೆನ್‌ನಲ್ಲಿ ನಿನ್ನೆಯ ಬೋಂಗಾ ಮುಚ್ಚುವ ಮೊದಲೇ ಇವತ್ತಿನದು ಬಿದ್ದಿರುತ್ತದೆ. ಕೀಳುವವರೂ ಕಟ್ಟುವವರೂ ಒಂದೇ ಜಾಗದಲ್ಲಿ ಸೇರಿ ಗದ್ದಲವಾಗುತ್ತದೆ, ಕೊನೆಗೆ ಉಳಿಯುವುದು ನಾರು. ಇದೇ ರೋಗವಿರುವ ಎಂಡಿಎಕ್ಸ್ ಇಲಿಗಳಲ್ಲಿ ಮ್ಯಾಕ್ರೊಫೇಜ್‌ಗಳನ್ನು ತಗ್ಗಿಸಿದಾಗ ಪೊರೆಯ ಹಾನಿಯೇ ಕಡಿಮೆಯಾಯಿತೆಂದು ಟಿಡ್‌ಬಾಲ್ ತಂಡ 2001ರಲ್ಲಿ ತೋರಿಸಿತು. 2007ರಲ್ಲಿ ಉರಿಯೂತದ ಮುಖ್ಯ ಸ್ವಿಚ್ಚಾದ ಎನ್‌ಎಫ್-ಕಪ್ಪಾ-ಬಿ ಮೇಲೆ ಬೆಳಕು ಬಿತ್ತು, 2009ರಲ್ಲಿ ಎರಡು ಬಗೆಯ ಮ್ಯಾಕ್ರೊಫೇಜ್‌ಗಳ ಮೇಲೆ. ಕಸ ಗುಡಿಸುವವರೆಂದು ಎಣಿಸಿದ್ದವರು ಗೋಡೆಯನ್ನೂ ಕೆಡವುತ್ತಿದ್ದರು. ಆದರೆ ಅವರಿಲ್ಲದೆ ಗೋಡೆ ಏಳುವುದೂ ಇಲ್ಲ.

ಉರಿ ಕಂಡು ಮೋಸ ಹೋದಾಗ

ನಮ್ಮ ಸೀಮೆಗೆ ಹೆಚ್ಚು ಹತ್ತಿರದ ಪಾಠ ಡಿಸ್ಫರ್ಲಿನ್ ಎಂಬ ಇನ್ನೊಂದು ಪ್ರೋಟೀನಿನ ಕೊರತೆಯದು. ಇದರ ಜೀನು ಪತ್ತೆಯಾದದ್ದು 1998ರಲ್ಲಿ. ಹರಿದ ಪೊರೆಗೆ ತೇಪೆ ಹಾಕುವುದೇ ಡಿಸ್ಫರ್ಲಿನ್ ಕೆಲಸವೆಂದು 2003ರಲ್ಲಿ ತಿಳಿಯಿತು. ಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಹುಡುಗನಿಗೆ, ಹುಡುಗಿಗೆ ಹದಿನೆಂಟು-ಇಪ್ಪತ್ತರ ಹೊತ್ತಿಗೆ ತುದಿಗಾಲಲ್ಲಿ ನಿಂತು ಮಾಡಿನ ಮೇಲಿನ ಡಬ್ಬಿ ಇಳಿಸಲು ಆಗದಂತಾಗುತ್ತದೆ. ಸ್ನಾಯುವಿನ ಚೂರು ನೋಡಿದರೆ ಉರಿಯೂತದ ಕಣಗಳ ದಂಡು. ಆಗ ‘ಪಾಲಿಮಯೋಸೈಟಿಸ್’ (ಸ್ನಾಯುವಿನ ಉರಿಯೂತ ರೋಗ) ಎಂದು ಬರೆದು ಸ್ಟಿರಾಯ್ಡ್ ಕೊಡುವುದು ಜಗತ್ತಿನಾದ್ಯಂತ ಆಗುತ್ತ ಬಂದಿರುವ ತಪ್ಪು. 2013ರ ಜರ್ಮನ್ ಪ್ರಯೋಗದಲ್ಲಿ ಈ ರೋಗಿಗಳಿಗೆ ಸ್ಟಿರಾಯ್ಡ್ ಆದ ಡೆಫ್ಲಜಕಾರ್ಟ್‌ನಿಂದ ಒಳಿತಾಗಲಿಲ್ಲ, ಬಲ ಕುಗ್ಗುವ ಲಕ್ಷಣವೇ ಕಂಡಿತು. ಬೆಂಗಳೂರಿನ ನಿಮ್ಹಾನ್ಸ್‌ನ ನಳಿನಿ, ಗಾಯತ್ರಿ ಅವರು ಭಾರತದ ಇಂಥ 28 ರೋಗಿಗಳ ವಿವರವನ್ನು 2008ರಲ್ಲೇ ಪ್ರಕಟಿಸಿದ್ದರು.

ಈ ದೋಷ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಅತ್ತೆ-ಮಾವನ ಮಕ್ಕಳು ಮದುವೆಯಾಗುವ ರೂಢಿಯಲ್ಲಿ ಆ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಬಿಟಲ್ಸ್, ಅಪ್ಪಾಜಿರಾವ್ ತಂಡ ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದಾಗಿತ್ತು. ಡುಶೆನ್‌ಗೆ ಈ ಲೆಕ್ಕ ಹೊಂದದು. ಅದು ತಾಯಿಯ ಎಕ್ಸ್ ಕ್ರೋಮೋಸೋಮ್ ಮೂಲಕ ಬರುತ್ತದೆ, ಕೆಲವೊಮ್ಮೆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಸೊಸೆಯ ಮೇಲೆ ಹೊರಿಸುವ ತಪ್ಪು ಅಲ್ಲವೇ ಅಲ್ಲ.

ಈಚಿನ ಹತ್ತು ವರ್ಷ

2017ರಲ್ಲಿ ಡೆಫ್ಲಜಕಾರ್ಟ್‌ಗೆ, 2023ರಲ್ಲಿ ಅಡ್ಡಪರಿಣಾಮ ತಗ್ಗಿಸಲೆಂದೇ ರೂಪಿಸಿದ ವ್ಯಾಮೊರೊಲೋನ್‌ಗೆ, 2024ರಲ್ಲಿ ಗಿವಿನೊಸ್ಟಾಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎನ್‌ಎಫ್-ಕಪ್ಪಾ-ಬಿಯನ್ನಷ್ಟೇ ಅದುಮುವ ಎಡಾಸಲೊನೆಕ್ಸೆಂಟ್ 2020ರಲ್ಲಿ ಸೋತಿತು. ಜೀನ್ ಚಿಕಿತ್ಸೆ ಬಂದ ಮೇಲೂ ಉರಿಯೂತದ ಕಾಟ ತಪ್ಪಲಿಲ್ಲ. ಹೊಸ ಜೀನನ್ನು ಹೊತ್ತು ತರುವ ವೈರಸ್ಸಿಗೆ ದೇಹ ತಿರುಗಿಬೀಳಬಲ್ಲದು. 2025ರಲ್ಲಿ ಆ ಚಿಕಿತ್ಸೆ ಪಡೆದ ಇಬ್ಬರು ಯಕೃತ್ತು ವೈಫಲ್ಯದಿಂದ ಸತ್ತರು.

ನಮ್ಮ ರಾಯಚೂರಿನಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು ಇದೆ. ಏಮ್ಸ್ ಬೇಕೆಂದು 2022ರಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆದರೂ ಸ್ನಾಯುರೋಗದ ನುರಿತ ತಪಾಸಣೆಗೆ ಸಾಮಾನ್ಯವಾಗಿ ಬೆಂಗಳೂರು ಇಲ್ಲವೇ ಹೈದರಾಬಾದ್ ರೈಲು ಹತ್ತಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಒಂದು, 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಡುಶೆನ್ ಇದೆ.

ಡುಶೆನ್ ಹುಡುಗನಿಗೆ ಸ್ಟಿರಾಯ್ಡ್ ಬೇಕು, ಅದನ್ನು ತಟ್ಟನೆ ನಿಲ್ಲಿಸುವುದು ಅಪಾಯ. ಡಿಸ್ಫರ್ಲಿನ್ ಇಲ್ಲದ ಯುವತಿಗೆ ಅದೇ ಮಾತ್ರೆ ಕೆಡುಕು. ಸೂಕ್ಷ್ಮದರ್ಶಕದಡಿ ಇಬ್ಬರ ಸ್ನಾಯುವಿನಲ್ಲೂ ಕಾಣುವುದು ಅದೇ ಬಿಳಿ ಕಣಗಳು. ಹಾಗಾಗಿ ಚೀಟಿಯಲ್ಲಿ ಮಾತ್ರೆಯ ಹೆಸರಿಗಿಂತ ಮೊದಲು ಜೀನಿನ ಹೆಸರು ಬರಬೇಕು.