ಡೈರಿ ಬರೆದರೆ ಕೈಯಲ್ಲಿ ದುಡ್ಡು ನಿಲ್ಲುತ್ತದೆಯೇ? ಫಾರ್ವರ್ಡ್‌ಗಳಲ್ಲಿರುವ ಸುಳ್ಳೆಷ್ಟು, ಸತ್ಯವೆಷ್ಟು?

ಬೆಳಿಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ. ನಿಮಗೆ ಬೇಕಾದ ಮೊತ್ತವನ್ನು ಹೊಸ ನೋಟ್‌ಬುಕ್‌ನಲ್ಲಿ ಹೀಗೆ ಬರೆಯುತ್ತಾ ಹೋದರೆ ಹಣ ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಕೆಲವು ಸಂದೇಶಗಳು ಹಸಿರು ಇಂಕೇ ಆಗಬೇಕು ಎನ್ನುತ್ತವೆ. ಕೆಲವಕ್ಕೆ ವಿಜ್ಞಾನಿ ನಿಕೋಲಾ ಟೆಸ್ಲಾ ಅವರ ಫೋಟೋ ಅಂಟಿಸಿರುತ್ತಾರೆ.

ನಕ್ಕು ಡಿಲೀಟ್ ಮಾಡಬಹುದು. ಆದರೆ ಇಂತಹ ಸಂದೇಶವನ್ನು ನಂಬಿ ಬರೆಯಲು ಕೂರುವವರಲ್ಲಿ ಮುಂದಿನ ತಿಂಗಳ ಕಂತು ಕಟ್ಟುವುದು ಹೇಗೆ ಎಂಬ ಚಿಂತೆಯಲ್ಲಿರುವವರೂ ಇರುತ್ತಾರೆ. ಸಾಲ ಕೊಟ್ಟವರ ಜೊತೆ ಮಾತಾಡಬೇಕಾದ ದಿನಗಳನ್ನು ಅವರು ಮಂತ್ರ ಬರೆಯುತ್ತಾ ಕಳೆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಹಾಗಾದರೆ ಹಣದ ಬಗ್ಗೆ ಡೈರಿ ಬರೆಯುವುದೇ ವ್ಯರ್ಥವೇ? ಅಲ್ಲ. ಆಸೆಯನ್ನು ಬರೆಯುವುದಕ್ಕೂ ನಡೆದದ್ದನ್ನು ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನೇ ಈ ಲೇಖನದಲ್ಲಿ ನೋಡೋಣ.

ಟೆಸ್ಲಾ ಹೀಗೆ ಹೇಳಿದ್ದರೇ?

ಟೆಸ್ಲಾ ವಿದ್ಯುತ್ ಮೋಟಾರು ಮತ್ತು ಪರ್ಯಾಯ ವಿದ್ಯುತ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದ ಎಂಜಿನಿಯರ್. ಬರೆದು ಹಣ ಸೆಳೆಯುವ ವಿಧಾನವನ್ನು ಅವರು ಪ್ರಕಟಿಸಿಲ್ಲ. ಅವರ ಕೊನೆಯ ವರ್ಷಗಳು ಹಣದ ಮುಗ್ಗಟ್ಟಿನಲ್ಲೇ ಕಳೆದವು. 1943ರಲ್ಲಿ ನ್ಯೂಯಾರ್ಕ್‌ನ ಹೋಟೆಲ್ ಕೋಣೆಯೊಂದರಲ್ಲಿ ಅವರು ತೀರಿಕೊಂಡರು. ಹಣ ಬರಿಸುವ ಗುಟ್ಟು ಅವರಿಗೆ ಗೊತ್ತಿದ್ದರೆ ಮೊದಲು ಅವರಿಗೇ ಉಪಯೋಗಕ್ಕೆ ಬರಬೇಕಿತ್ತು!

ಸಿಹಿ ಕನಸು ಬರೆದರೆ ನಷ್ಟವೇನು?

ಬಂದರೆ ಬರಲಿ, ಇಲ್ಲದಿದ್ದರೆ ಹೋಗುವುದೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗನ್ ಅವರ ಕೆಲಸದಲ್ಲಿ ಉತ್ತರವಿದೆ. ಅವರು ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ಯುವಜನರನ್ನು ಎರಡು ವರ್ಷಗಳ ನಂತರ ಮತ್ತೆ ವಿಚಾರಿಸಲಾಯಿತು. ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಸಿಹಿ ಕಲ್ಪನೆ ಮಾಡಿಕೊಳ್ಳುತ್ತಿದ್ದವರು ಕಡಿಮೆ ಅರ್ಜಿ ಹಾಕಿದ್ದರು. ಅವರಿಗೆ ಬಂದ ಕೆಲಸದ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ.

ಆಶಾವಾದ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ತನ್ನ ಅನುಭವದ ಆಧಾರದ ಮೇಲೆ ಕೆಲಸ ಸಿಗುತ್ತದೆ ಎಂದು ನಿರೀಕ್ಷಿಸಿದ್ದವರು ಅದೇ ಅಧ್ಯಯನದಲ್ಲಿ ಮುಂದಿದ್ದರು. ಗುರಿ ತಲುಪಿದಂತೆಯೇ ಮನಸ್ಸಿನಲ್ಲಿ ಸುಖಪಟ್ಟರೆ ಮುಂದಿನ ಹೆಜ್ಜೆ ಇಡುವ ಹುರುಪು ತಗ್ಗುತ್ತದೆ ಎಂಬುದು ಓಟಿಂಗನ್ ಅವರ ವಿವರಣೆ.

ಹಾಗಾದರೆ ಕೆಲಸ ಮಾಡುವ ಬರವಣಿಗೆ ಯಾವುದು?

ಲೆಕ್ಕ ಬರೆಯುವುದು ನಮಗೆ ಹೊಸತಲ್ಲ. ಅಂಗಡಿಯವರ ಕಿರ್ದಿ ಪುಸ್ತಕ, ದಿನಸಿ ಅಂಗಡಿಯ ಉದ್ರಿ ಪುಸ್ತಕ, ಮದುವೆ ಮನೆಯ ಮುಯ್ಯಿ ಪುಸ್ತಕ, ಸ್ವಸಹಾಯ ಸಂಘದ ಪಾಸ್‌ಬುಕ್ ಎಲ್ಲವನ್ನೂ ನಾವು ಕಂಡಿದ್ದೇವೆ. ಜಪಾನಿನಲ್ಲಿ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ಗೃಹಿಣಿಯರಿಗಾಗಿ ಮನೆ ಲೆಕ್ಕದ ಪುಸ್ತಕವೊಂದನ್ನು ಹೊರತಂದರು. ‘ಕಕೇಬೋ’ ಎಂಬ ಹೆಸರಿನ ಆ ಪದ್ಧತಿ ಇಂದಿಗೂ ಅಲ್ಲಿ ಬಳಕೆಯಲ್ಲಿದೆ.

ಹಣದ ಡೈರಿ ಇದಕ್ಕೆ ಒಂದು ಸಾಲು ಸೇರಿಸುತ್ತದೆ. ಎಷ್ಟು ಖರ್ಚಾಯಿತು ಎಂಬುದರ ಜೊತೆಗೆ ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೂ ಬರೆಯುವುದು. ಇದರಿಂದ ಪ್ರಯೋಜನವಾಗಲು ಮೂರು ಕಾರಣಗಳಿವೆ.

1. ಕಣ್ಣಿಗೆ ಕಾಣದ ಖರ್ಚು ಕಾಣುತ್ತದೆ. ಡ್ರಾಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಂದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗೆ ಹರಾಜು ಕೂಗಿಸಲಾಯಿತು. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಡಬೇಕು ಎಂದಿದ್ದವರು ನಗದು ಕೊಡಬೇಕಾದವರಿಗಿಂತ ಸುಮಾರು ಎರಡು ಪಟ್ಟು ಕೂಗಿದರು. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ನೋವು ಕಾರ್ಡ್ ಕೊಡುವಾಗ ಆಗುವುದಿಲ್ಲ. ನಮ್ಮಲ್ಲಿ 2016ರಲ್ಲಿ ಯುಪಿಐ ಬಂದ ಮೇಲೆ ತರಕಾರಿ ಗಾಡಿಯಿಂದ ಚಿನ್ನದ ಅಂಗಡಿಯವರೆಗೆ ಎಲ್ಲ ಕಡೆಯೂ ಒಂದೇ ಸ್ಕ್ಯಾನ್, ಒಂದೇ ‘ಟಿಂಗ್’ ಸದ್ದು. ಅದು ಅನುಕೂಲವೇ. ಆದರೆ ಪರ್ಸ್ ತೆಳ್ಳಗಾಗಿದ್ದು ಕೈಗೆ ತಿಳಿಯುವುದಿಲ್ಲ. ರಾತ್ರಿ ಕೈಯಾರೆ ಬರೆದಾಗ ಆ ಅರಿವು ಸ್ವಲ್ಪ ಮರಳುತ್ತದೆ.

2. ಮುಖ ತಿರುಗಿಸುವುದು ನಿಲ್ಲುತ್ತದೆ. ಷೇರುಪೇಟೆ ಬಿದ್ದಾಗ ಹೂಡಿಕೆದಾರರು ತಮ್ಮ ಖಾತೆಯನ್ನು ತೆರೆದು ನೋಡುವುದೇ ಕಡಿಮೆಯಾಗುತ್ತದೆ ಎಂದು 2009ರ ಅಧ್ಯಯನವೊಂದು ತೋರಿಸಿತು. ಸಂಶೋಧಕರು ಇದನ್ನು ಉಷ್ಟ್ರಪಕ್ಷಿ ಮರಳಲ್ಲಿ ತಲೆ ಹುದುಗಿಸುತ್ತದೆ ಎಂಬ ಕಥೆಗೆ ಹೋಲಿಸಿದ್ದಾರೆ. (ಅಂದಹಾಗೆ, ಉಷ್ಟ್ರಪಕ್ಷಿ ಹಾಗೆ ಮಾಡುವುದಿಲ್ಲ. ಅದೂ ಒಂದು ಮಿಥ್ಯೆ.) ತಿಂಗಳ ಕೊನೆಯಲ್ಲಿ ಬ್ಯಾಲೆನ್ಸ್ ನೋಡಲು ಹೆದರುವ ನಾವೂ ಅದನ್ನೇ ಮಾಡುತ್ತೇವೆ.

3. ತಲೆಯಲ್ಲಿ ಸುತ್ತುವ ಚಿಂತೆ ಕಾಗದಕ್ಕೆ ಇಳಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆಯಲು ಹೇಳಿದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. 2006ರಲ್ಲಿ ಇಂತಹ 146 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸಿಕ್ಕ ಉತ್ತರ: ಲಾಭ ಇದೆ, ಆದರೆ ಸರಾಸರಿಯಲ್ಲಿ ಅದು ಚಿಕ್ಕದು. ‘ಬದುಕೇ ಬದಲಾಗುತ್ತದೆ’ ಎಂಬ ಫಾರ್ವರ್ಡ್ ಬಂದರೆ ಈ ಮಾತನ್ನು ನೆನಪಿಡಿ.

ನಾವು ಬರೆದು ನೋಡಿದಾಗ

ಈ ಲೇಖನಕ್ಕಾಗಿ ನಾವೂ ಒಂದು ತಿಂಗಳು ಬರೆದೆವು. ಇದು ಪುರಾವೆಯಲ್ಲ, ಅನುಭವ ಮಾತ್ರ. ಟೀ, ಆಟೋ, ಮನೆಗೆ ತರಿಸಿಕೊಳ್ಳುವ ಊಟದಲ್ಲೇ ದುಡ್ಡು ಸೋರುತ್ತಿದೆ ಎಂದುಕೊಂಡಿದ್ದೆವು. ಪುಸ್ತಕ ಬೇರೆಯದನ್ನೇ ಹೇಳಿತು. ಒಂದು ಭಾನುವಾರದ ಪುಟದಲ್ಲಿ ಹೀಗಿತ್ತು: ‘ಮದುವೆ. ಮುಯ್ಯಿ 1,000 ಎಂದುಕೊಂಡಿದ್ದೆ, 2,000 ಕೊಟ್ಟೆ. ಬರೆದುಕೊಳ್ಳುವವರು ಮೊತ್ತವನ್ನು ಜೋರಾಗಿ ಓದುತ್ತಿದ್ದರು. ಹಿಂದೆ ಸಾಲಿನಲ್ಲಿ ಅತ್ತೆ ನಿಂತಿದ್ದರು. ನಾಚಿಕೆಯಾಯಿತು.’

ಆ ತಿಂಗಳು ಅಂತಹ ಮೂರು ಪುಟಗಳಿದ್ದವು. ಹೆಚ್ಚುವರಿ ಹೋದ ದುಡ್ಡಿನಲ್ಲಿ ದೊಡ್ಡ ಪಾಲು ‘ಜನ ಏನಂದುಕೊಳ್ಳುತ್ತಾರೋ’ ಎಂಬುದಕ್ಕೆ ಹೋಗಿತ್ತು. ಟೀ ಬಿಟ್ಟಿದ್ದರೆ ಅದು ಸರಿಯಾಗುತ್ತಿರಲಿಲ್ಲ. ಈಗ ಮುಯ್ಯಿ ಎಷ್ಟು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಕವರ್‌ನಲ್ಲಿ ಹಾಕಿ ಅಂಟಿಸಿಕೊಂಡೇ ಹೊರಡುತ್ತೇವೆ. ಬರೀ ಖರ್ಚಿನ ಪಟ್ಟಿ ನೋಡಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಹೀಗೆ ಶುರು ಮಾಡಿ

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಮಲಗುವ ಮುನ್ನ 5 ನಿಮಿಷ.

• ಆ ದಿನದ ಒಂದೇ ಒಂದು ಖರ್ಚು ಆರಿಸಿ. ಎಷ್ಟು, ಎಲ್ಲಿ, ಜೊತೆಗೆ ಯಾರಿದ್ದರು, ಆಗ ಹೇಗನಿಸಿತು, ಈಗ ಹೇಗನಿಸುತ್ತಿದೆ ಎಂದು ನಾಲ್ಕು ಸಾಲು ಬರೆಯಿರಿ. ಎಲ್ಲವನ್ನೂ ಬರೆಯಲು ಹೋದರೆ ನಾಲ್ಕನೇ ದಿನಕ್ಕೆ ಬೇಸರ ಬರುತ್ತದೆ.

• ವಾರಕ್ಕೊಮ್ಮೆ ಹಳೆಯ ನೆನಪೊಂದನ್ನು ಬರೆಯಿರಿ. ಚಿಕ್ಕಂದಿನಲ್ಲಿ ಮನೆಯಲ್ಲಿ ದುಡ್ಡಿನ ಮಾತು ಹೇಗೆ ಬರುತ್ತಿತ್ತು? ಶಾಲೆಯ ಫೀಸು ಕೇಳಲು ಯಾರ ಮುಂದೆ ನಿಲ್ಲಬೇಕಿತ್ತು? ಅಮ್ಮ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೋಟು ಯಾವ ಹೊತ್ತಿನಲ್ಲಿ ಹೊರಬರುತ್ತಿತ್ತು? ಇಂದಿನ ಭಯ ಅಥವಾ ದುಂದುಗಾರಿಕೆಯ ಬೇರು ಅಲ್ಲಿರಬಹುದು.

• ಸಾಲವಿದ್ದರೆ ಒಂದು ಪುಟ ಅದಕ್ಕೇ ಇಡಿ. ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಬರೆಯಿರಿ. ‘ನೂರಕ್ಕೆ ಮೂರು’ ಎಂದರೆ ಸಣ್ಣದೆನಿಸುತ್ತದೆ. 50,000 ರೂಪಾಯಿಗೆ ಅದು ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ. ಅಂದರೆ ವರ್ಷಕ್ಕೆ ಶೇ. 36.

• ಆಸೆ ಬರೆಯುವುದಾದರೆ ಅಡ್ಡಿಯನ್ನೂ ಬರೆಯಿರಿ. ‘ಮಗಳ ಫೀಸಿಗೆ ತಿಂಗಳಿಗೆ 1,000 ಕೂಡಿಡಬೇಕು. ಅಡ್ಡಿ: ಸಂಬಳ ಬಂದ ವಾರವೇ ಖಾಲಿಯಾಗುತ್ತದೆ. ಹಾಗಾಗಿ ಸಂಬಳ ಬಂದ ದಿನವೇ ಆರ್‌ಡಿಗೆ ಹಾಕುತ್ತೇನೆ.’ ಕೂಡಿಡುವ ಹಣಕ್ಕೆ ಹೆಸರು ಮತ್ತು ಮುಖ ಕೊಡುವುದೂ ಸಹಾಯಕ. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಕಟ್ಟಡ ಕಾರ್ಮಿಕರಿಗೆ ಉಳಿತಾಯದ ಹಣವನ್ನು ಲಕೋಟೆಯಲ್ಲಿ ಹಾಕಿ ಕೊಡಲಾಗಿತ್ತು. ಲಕೋಟೆಯ ಮೇಲೆ ಅವರ ಮಕ್ಕಳ ಚಿತ್ರವಿದ್ದಾಗ ಉಳಿತಾಯ ಹೆಚ್ಚಾಯಿತು.

ಡೈರಿ ಮಾಡಲಾರದ ಕೆಲಸ

ಟೀ ಬಿಟ್ಟರೆ ಕೋಟ್ಯಧಿಪತಿ ಆಗಬಹುದು ಎಂಬುದು ಇನ್ನೊಂದು ಜನಪ್ರಿಯ ಫಾರ್ವರ್ಡ್. ದಿನಕ್ಕೆ 40 ರೂಪಾಯಿ ಉಳಿಸಿದರೆ ವರ್ಷಕ್ಕೆ 14,600 ರೂಪಾಯಿ. ಅದು ಒಳ್ಳೆಯದೇ, ಆದರೆ ಬಾಡಿಗೆ, ಆಸ್ಪತ್ರೆ, ಶಾಲೆಯ ಖರ್ಚಿಗೇ ಸಂಬಳ ಸಾಲದ ಮನೆಗೆ ಅದು ಉತ್ತರವಲ್ಲ.

ಬಡತನಕ್ಕೆ ಶಿಸ್ತಿಲ್ಲದಿರುವುದೇ ಕಾರಣ ಎಂಬ ಮಾತನ್ನೂ ಒರೆಗೆ ಹಚ್ಚಬೇಕು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಮತ್ತು ನಂತರ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕೈ ಬರಿದಾಗಿದ್ದಾಗ ಅವರು ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ಹಣ ಬಂದ ಮೇಲೆ ಚೆನ್ನಾಗಿ ಮಾಡಿದರು. ಜನ ಅವರೇ, ಬದಲಾಗಿದ್ದು ಕೈಯಲ್ಲಿದ್ದ ಹಣ. ಆದ್ದರಿಂದ ನಿಮ್ಮ ಪುಸ್ತಕವು ನಿಮ್ಮನ್ನು ಬೈಯುವ ಪುಸ್ತಕವಾಗದಿರಲಿ. ಆದಾಯವೇ ಸಾಲುತ್ತಿಲ್ಲ ಎಂದು ಅದು ತೋರಿಸಿದರೆ ಅದೂ ಉಪಯುಕ್ತ ಮಾಹಿತಿಯೇ. ಸಂಬಳ ಹೆಚ್ಚಿಸಲು ಕೇಳುವುದು, ಕಂತಿನ ಬಗ್ಗೆ ಬ್ಯಾಂಕ್ ಜೊತೆ ಮಾತಾಡುವುದು, ಸಿಗಬೇಕಾದ ಸರ್ಕಾರಿ ಸೌಲಭ್ಯ ವಿಚಾರಿಸುವುದು ಮುಂದಿನ ಹೆಜ್ಜೆ.

ಎಚ್ಚರಿಕೆ ಇರಲಿ

• ಡೈರಿಯಲ್ಲಿ ಪಿನ್, ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಬರೆಯಬೇಡಿ.

• ಮನೆಯವರ ಡೈರಿಯನ್ನು ಕದ್ದು ಓದಬೇಡಿ, ಅದನ್ನು ಹಿಡಿದು ಜಗಳಕ್ಕಿಳಿಯಬೇಡಿ. ಒಬ್ಬರು ಇನ್ನೊಬ್ಬರ ಖರ್ಚಿಗೆ ಕಾವಲು ಕೂತರೆ ಅದು ಲೆಕ್ಕವಲ್ಲ, ದಬ್ಬಾಳಿಕೆ.

• ಆ್ಯಪ್‌ನಲ್ಲಿ ಬರೆಯುವುದಾದರೆ ಅದು ಯಾವ ಅನುಮತಿ ಕೇಳುತ್ತಿದೆ ನೋಡಿ. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಫೋಟೋ, ಕರೆಗಳ ದಾಖಲೆಗೆ ಕೈ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಕೇಳಿದರೆ ಅಲ್ಲೇ ನಿಲ್ಲಿಸಿ. ಬೆದರಿಕೆ ಅಥವಾ ಆನ್‌ಲೈನ್ ವಂಚನೆಯಾದರೆ 1930ಕ್ಕೆ ಕರೆ ಮಾಡಿ.

• ಬರೆದಷ್ಟೂ ಅದೇ ಚಿಂತೆ ಸುತ್ತುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ ಪುಸ್ತಕ ಮುಚ್ಚಿಟ್ಟು ನಂಬಿಕೆಯವರ ಜೊತೆ ಮಾತಾಡಿ. ಸಾಲದ ಹೊರೆಯಿಂದ ಬದುಕೇ ಬೇಡ ಎನಿಸಿದರೆ ತಡಮಾಡದೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೂ ಮಾತಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ಒಂದು ಮೊತ್ತವನ್ನು ಎಷ್ಟು ಸಲ ಬರೆದರೂ ಹಣ ಬರುವುದಿಲ್ಲ. ಇಂಕಿನ ಬಣ್ಣಕ್ಕೂ ಖಾತೆಗೂ ಸಂಬಂಧವಿಲ್ಲ. ಇವತ್ತು ನಡೆದದ್ದನ್ನು, ಅದರ ಹಿಂದಿದ್ದ ಭಾವನೆಯನ್ನು ಪ್ರಾಮಾಣಿಕವಾಗಿ ಬರೆದರೆ ಮಾತ್ರ ಹಣ ಎಲ್ಲಿಗೆ, ಏಕೆ ಹೋಗುತ್ತಿದೆ ಎಂಬುದು ನಿಧಾನವಾಗಿ ತಿಳಿಯುತ್ತದೆ.

ಮುಂದಿನ ಸಲ 3-6-9ರ ಸಂದೇಶ ಬಂದಾಗ ಕಳಿಸಿದವರನ್ನು ಗೇಲಿ ಮಾಡಬೇಡಿ. ‘ಹಣದ ತೊಂದರೆ ಏನಾದರೂ ಇದೆಯಾ?’ ಎಂದು ಅವರಿಗೆ ಪ್ರತ್ಯೇಕವಾಗಿ ಒಂದು ಮೆಸೇಜ್ ಹಾಕಿ. ಅವರಿಗೆ ಬೇಕಾಗಿರುವುದು ಆ ಪ್ರಶ್ನೆಯೇ ಇರಬಹುದು.